ಕೈ ಎಲ್ಲಿಡಲಿ ಎಂದು ಕೇಳಿದವಳು

ಸಿಂಚನಾ, ಭರತಾ, ನಿಮ್ಮ ಅಜ್ಜನ ತಂಗಿ ಈರಮ್ಮ ಯಾರನ್ನು ಕಂಡರೂ ಮೊದಲು ಹಲ್ಲು ನೋಡುತ್ತಿದ್ದಳು. ಮುಖ, ಸೀರೆ, ಒಡವೆ ಎಲ್ಲ ಆಮೇಲೆ. ನೀವು ಅವಳನ್ನು ನೋಡಿದ್ದು ಎರಡೋ ಮೂರೋ ಸಲ. ರಾಮಗಿರಿಯಿಂದ ಬಂದ ಒಬ್ಬ ಅಜ್ಜಿ ನಿಮ್ಮ ಗಲ್ಲ ಹಿಡಿದು "ಆ ಅನ್ನು, ಇನ್ನೂ ದೊಡ್ಡದಾಗಿ" ಎಂದದ್ದು ನೆನಪಿರಬಹುದು. ಭರತ ಹೆದರಿ ಅತ್ತಿದ್ದ. ಅವಳೇ ಈರಮ್ಮ.

ನಾನು ಮದುವೆಯಾಗಿ ಹರಿಯಬ್ಬೆಗೆ ಬಂದಾಗ ಅವಳಿಗೆ ಹತ್ತು ಹನ್ನೊಂದು ವರ್ಷ. ನಾನು ಭರಮಸಾಗರದ ಕಡೆಯವಳು, ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು, ನಾಲ್ಕು ಜನ ಇದ್ದರೆ ಬಾಯಿ ಬಿಡದವಳು. ಬಂದ ದಿನ ನಡುಮನೆಯಲ್ಲಿ ತಲೆ ಬಗ್ಗಿಸಿ ಕೂತಿದ್ದೆ. ಈ ಹುಡುಗಿ ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಕೆಳಗಿನಿಂದ ಇಣುಕಿ, ಕಣ್ಣು ಮೇಲೆ ಮಾಡಿ ಏನೋ ಚೇಷ್ಟೆ ಮಾಡಿದಳು. ನನಗೆ ನಗು ತಡೆಯಲಾಗಲಿಲ್ಲ. ತಕ್ಷಣ ಅವಳು ಎದ್ದು ಕೂಗಿದಳು:

"ಅಣ್ಣಾ, ಬಾಯ್ಗೂಡೈತೆ! ಒಂದೂ ಸವೆದಿಲ್ಲ. ಇಟ್ಕಂಬೋದು!"

ಮನೆಯೆಲ್ಲ ನಕ್ಕಿತು. ನನಗೆ ಅರ್ಥವಾಗಲು ನಾಲ್ಕು ದಿನ ಬೇಕಾಯಿತು. ನಮ್ಮ ಮಾವ ಕುರಿ ಸಾಕುವವರು. ಕುರಿ ಕೊಳ್ಳುವಾಗ ಕೆಳತುಟಿ ಮಡಚಿ ಹಲ್ಲು ನೋಡಿ ವಯಸ್ಸು ಹೇಳುತ್ತಿದ್ದರು. ಹಾಲುಹಲ್ಲು ಬಿದ್ದು ಎರಡು ಬಂದರೆ ಎರಡಲ್ಲು, ಆಮೇಲೆ ನಾಲ್ಕಲ್ಲು, ಆರಲ್ಲು. ಎಂಟೂ ಬಂದರೆ ಬಾಯಿ ಗೂಡಿತು, ಅಂದರೆ ಪೂರಾ ಬೆಳೆಯಿತು. ಈರಮ್ಮ ನಡೆಯಲು ಕಲಿತದ್ದೇ ಕುರಿ ಕೂಡುವ ರೊಪ್ಪದಲ್ಲಿ, ಮರಿಗಳ ನಡುವೆ. ಅಪ್ಪನ ಈ ವಿದ್ಯೆಯನ್ನು ಅವಳು ಮನುಷ್ಯರ ಮೇಲೂ ನಡೆಸುತ್ತಿದ್ದಳು.

ಓದಿನಲ್ಲೂ ಚುರುಕು. ಹಿರಿಯೂರಿನ ಹೈಸ್ಕೂಲಿನಲ್ಲಿ ಒಬ್ಬರು ಸೈನ್ಸ್ ಮೇಷ್ಟ್ರಿದ್ದರು, ಮಾವನನ್ನು ಬಿಡದೆ ಕಾಡಿ ಅವಳನ್ನು ಚಿತ್ರದುರ್ಗದಲ್ಲಿ ಪಿಯುಸಿಗೆ ಸೇರಿಸಿದರು. ರಜಕ್ಕೆ ಬಂದಾಗೆಲ್ಲ ಅಡುಗೆ ಮನೆಯಲ್ಲಿ ನನ್ನ ಪಕ್ಕ ಕೂತು, ರಾಗಿ ಹಿಟ್ಟಿನಲ್ಲಿ ಬೆರಳಿನಿಂದ ಕಪ್ಪೆಯ ಹೊಟ್ಟೆಯ ಚಿತ್ರ ಬರೆದು ತೋರಿಸುತ್ತಿದ್ದಳು. ಆ ಹಿಟ್ಟಿನಿಂದಲೇ ನಾನು ಮುದ್ದೆ ಮಾಡುತ್ತಿದ್ದೆ. "ಅತ್ತಿಗೆ, ಇವತ್ತು ಎಲ್ರೂ ಕಪ್ಪೆ ಉಂಡ್ರು" ಎಂದು ಕಿವಿಯಲ್ಲಿ ಹೇಳಿ ನನ್ನನ್ನು ನಗಿಸುವಳು. ಆ ಮನೆಯಲ್ಲಿ ನಾನು ಗಟ್ಟಿಯಾಗಿ ಮಾತಾಡುತ್ತಿದ್ದುದು ಅವಳೊಬ್ಬಳ ಹತ್ತಿರ.

ಒಂದು ಬೇಸಿಗೆಯಲ್ಲಿ ಮಾವನಿಗೆ ದವಡೆ ಹಲ್ಲು ನೋವು ಬಂತು. ಎಂಟು ದಿನ ಲವಂಗ ಕಚ್ಚಿಕೊಂಡು ಓಡಾಡಿದರು. ಕಡೆಗೆ ಈರಮ್ಮನೇ ದುರ್ಗದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ಹಲ್ಲು ಕೀಳುವಾಗ ಇವಳನ್ನು ಹೊರಗೆ ಹೋಗು ಎಂದರಂತೆ. ಹೋಗಲಿಲ್ಲ. ಮನೆಗೆ ಬಂದು ಮಾವ ಮಲಗಿದರು; ಇವಳು ಬುಟ್ಟಿಯೊಳಗಿನ ಈರುಳ್ಳಿ ತೆಗೆದು, ಚಿಮ್ಮಟ ಹಿಡಿದು, ಹೇಗೆ ಹಿಡಿದರು, ಹೇಗೆ ಅಲ್ಲಾಡಿಸಿದರು ಎಂದು ನನಗೆ ತೋರಿಸಿದಳು.

"ಅತ್ತಿಗೆ, ನಾನು ಇದೇ ಓದ್ತೀನಿ."

"ಪೂರ್ತಿ ಮನುಷ್ಯನ್ನ ಬಿಟ್ಟು ಬರೀ ಬಾಯಿ ಯಾಕೆ ಓದ್ತೀಯೇ?" ಎಂದು ನಿಮ್ಮ ಅಜ್ಜ ರೇಗಿಸಿದರು.

"ಬಾಯಿಲ್ದಿದ್ರೆ ನೀನೇನು ಕಿವಿಯಾಗೆ ಉಣ್ತಿದ್ಯೇನಣ್ಣ?" ಎಂದಳು.

ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂತು. ಹಲ್ಲಿನ ಡಾಕ್ಟರ ಓದಿಗೆ ಅರ್ಜಿ ಹಾಕಿದ್ದಾಯಿತು. ಆಮೇಲೆ ಬೆಂಗಳೂರಿನಿಂದ ಒಂದು ಕಾಗದ ಬಂತು, ಇಂತಹ ದಿನ ಇಂಟರ್‌ವ್ಯೂಗೆ ಬರಬೇಕು ಎಂದು. ಆ ಕಾಲದಲ್ಲಿ ಹಾಗಿತ್ತು ಮಕ್ಕಳೇ. ಅಂಕ ಒಂದು ಕಡೆ, ದೊಡ್ಡವರು ಕೂರಿಸಿಕೊಂಡು ಮಾತಾಡಿಸಿ ಹಾಕುವ ಅಂಕ ಇನ್ನೊಂದು ಕಡೆ. ಹರಿಯಬ್ಬೆಗೆ ಆ ಮಾತೇ ಹೊಸದು. ಎಲ್ಲರೂ ಇಂಟ್ರು ಇಂಟ್ರು ಎನ್ನುತ್ತಿದ್ದರು. ಮೇಷ್ಟ್ರು ಮನೆಗೆ ಬಂದಾಗ ಮಾವ ಕೇಳಿದರು:

"ಮಾರ್ಕ್ಸು ಬಂದೈತಲ್ಲ ಸ್ವಾಮಿ, ಮತ್ಯಾಕೆ ಮಖ ನೋಡ್ಬೇಕು? ಹೆಣ್ಣು ನೋಡೋ ಶಾಸ್ತ್ರನಾ?"

"ಇಂಟ್ರ್‌ವ್ಯೂ ಅಂದ್ರೆ ಸಾರಿಗೆ ಉಪ್ಪಿದ್ದಂಗೆ ಕಣಪ್ಪ."

"ಹಂಗಾರೆ ಚಿಟಿಕೆ ಅನ್ನಿ."

"ಚಿಟಿಕೆನೇ. ಆದ್ರೆ ಅದೊಂದು ತಪ್ಪಿದ್ರೆ ಸಾರು ಪೂರಾ ಚೆಲ್ಬೇಕಾಯ್ತದೆ."

ಮೇಷ್ಟ್ರು ವಾರಕ್ಕೆ ಎರಡು ಸಲ ಸೈಕಲ್ಲಿನಲ್ಲಿ ಬಂದು ಅವಳಿಗೆ ಪಾಠ ಹೇಳಿದರು. ಇಂಗ್ಲಿಷಿನಲ್ಲಿ ಹೆಸರು ಹೇಳು, ಊರು ಹೇಳು, ಯಾಕೆ ಈ ಓದು ಹೇಳು. ಗಟ್ಟಿಯಾಗಿ ಮಾತಾಡು. ಎದುರಿಗಿನವರ ಕಣ್ಣು ನೋಡು. ಕೈ ಎರಡೂ ತೊಡೆಯ ಮೇಲಿರಲಿ. ನಾನು ಬಾಗಿಲ ಸಂದಿಯಿಂದ ಕೇಳುತ್ತಿದ್ದೆ. ಕಣ್ಣು ನೋಡು ಎಂದದ್ದು ನನಗೆ ಸರಿ ಕಾಣಲಿಲ್ಲ. ನಮ್ಮ ಕಡೆ ದೊಡ್ಡವರ ಎದುರು ಮಾತಾಡುವಾಗ ಬಾಯಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದರು. ನಮ್ಮ ಉಸಿರು, ಎಂಜಲು ಅವರಿಗೆ ತಾಗಬಾರದು ಎಂದು. ಗೌಡರ ಮುಂದೆ ಮಾವ ಹಾಗೆ ನಿಲ್ಲುವುದನ್ನು ನಾನೇ ಎಷ್ಟು ಸಲ ನೋಡಿಲ್ಲ. ಈ ಹುಡುಗಿ ಕೈ ಕೆಳಗೆ ಬಿಟ್ಟು ಮಾತಾಡಿದರೆ ಸೊಕ್ಕಿನವಳು ಅಂದುಕೊಂಡಾರು ಎಂದು ನನಗೆ ಭಯ.

ಅವಳು ಹಟ ಮಾಡಿದ್ದರಿಂದ ನಾನೂ ಬೆಂಗಳೂರಿಗೆ ಹೋದೆ. ನಿಮ್ಮ ಅಜ್ಜ, ನಾನು, ಅವಳು. ನಾನು ಆ ಊರು ನೋಡಿದ್ದು ಅದೇ ಮೊದಲು. ಇಂಟರ್‌ವ್ಯೂ ನಡೆಯುವಲ್ಲಿ ಒಂದು ಉದ್ದನೆಯ ಪಡಸಾಲೆ, ಎರಡೂ ಬದಿಗೆ ಬೆಂಚು. ಅಲ್ಲಿದ್ದ ಹುಡುಗ ಹುಡುಗಿಯರು ಅಪ್ಪಂದಿರ ಜೊತೆ ಇಂಗ್ಲಿಷಿನಲ್ಲೇ ನಗುತ್ತಿದ್ದರು. ನಿಮ್ಮ ಅಜ್ಜನನ್ನು ಜವಾನ ಹೊರಗೆ ಗೇಟಿನ ಹತ್ತಿರ ನಿಲ್ಲಿಸಿದ್ದ, ಒಬ್ಬರೇ ಜೊತೆಗಿರಬೇಕು ಎಂದು. ಕೋಟು ಹಾಕಿದ ನಾಲ್ಕು ಜನ ನಮ್ಮ ಮುಂದೆಯೇ ಹಾದು ಒಳಗೆ ಹೋದರು. ಬೂಟಿನ ಸದ್ದಿಗೆ ನಾನು ಎದ್ದು ನಿಂತೆ. ಎದ್ದವಳು ಕೂರಲೇ ಇಲ್ಲ.

ಅವಳ ಹೆಸರು ಕೂಗಿದರು. ಅವಳು ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು:

"ಅತ್ತಿಗೆ, ಕೈ ಎಲ್ಲಿಡ್ಲಿ?"

ಮೇಷ್ಟ್ರು ಹೇಳಿದ್ದು ನನಗೆ ಗೊತ್ತಿತ್ತು. ಆದರೂ ಆ ಕೋಟುಗಳನ್ನು ಕಂಡು ಗೌಡರ ಮುಂದೆ ನಿಂತ ಮಾವನೇ ನನ್ನ ಕಣ್ಣ ಮುಂದೆ ಬಂದರು.

"ಬಾಯಿಗೆ ಅಡ್ಡ ಇಟ್ಕಳೇ. ದೊಡ್ಡೋರು."

ಒಳಗೆ ಹೋದಳು. ಬಾಗಿಲು ಮುಚ್ಚಿತು. ಒಳಗಿನಿಂದ ಒಂದು ಸಲ ನಗು ಕೇಳಿಸಿತು, ಅಷ್ಟೆ. ಬೇಗ ಹೊರಗೆ ಬಂದಳು.

ಊರಿಗೆ ಬರುವ ಬಸ್ಸಿನಲ್ಲಿ ನಡೆದದ್ದೆಲ್ಲ ಹೇಳಿದಳು, ಒಬ್ಬೊಬ್ಬರ ದನಿ ತೆಗೆದು, ನಾಟಕದ ಹಾಗೆ. ಮೊದಲು ಹೆಸರು ಕೇಳಿದರಂತೆ. ಇವಳು ಅಂಗೈ ಅಡ್ಡ ಹಿಡಿದು ಹೇಳಿದಳು. ಕೇಳಿಸಲಿಲ್ಲ ಎಂದರು. ಮತ್ತೆ ಹೇಳಿದಳು. ಒಬ್ಬರು ಇಂಗ್ಲಿಷಿನಲ್ಲಿ ಕೈ ತೆಗೆ ಎಂದರು. ತೆಗೆದಳು. ಒಂದು ಮಾತು ಆಡುವಷ್ಟರಲ್ಲಿ ಕೈ ತಾನಾಗೇ ಮೇಲೆ ಹೋಯಿತು. ಹೀಗೆ ಮೂರು ಸಲ. ಆಗ ವಯಸ್ಸಾದ ಒಬ್ಬರು ಕನ್ನಡದಲ್ಲಿ, "ಯಾಕಮ್ಮ, ಹಲ್ಲು ಸರಿ ಇಲ್ವಾ? ಡಾಕ್ಟ್ರೇ ಬಾಯಿ ಮುಚ್ಕೊಂಡ್ರೆ ರೋಗಿ ಬಾಯಿ ತೆಗೀತಾನಾ?" ಎಂದರು. ಎಲ್ಲರೂ ನಕ್ಕರು.

"ಕೆಟ್ಟೋರಲ್ಲ ಅತ್ತಿಗೆ, ತಮಾಷೆಗೆ ಅಂದ್ರು," ಎಂದಳು. "ಆದ್ರೆ ಆಮ್ಯಾಕೆ ನಂಗೆ ಕೈದೇ ಯೋಚ್ನೆ ಆಗೋಯ್ತು. ತೊಡೆ ಮ್ಯಾಲೆ ಗಟ್ಟಿಯಾಗಿ ಒತ್ತಿ ಹಿಡ್ಕಂಡಿದ್ದೆ. ಯಾಕೆ ಈ ಓದು ಅಂತ ಕೇಳಿದ್ರು. ಅದಕ್ಕೆ ಉತ್ರ ಎಷ್ಟು ಚೆನ್ನಾಗಿ ಬಾಯಿಪಾಠ ಮಾಡಿದ್ದೆ! ಒಂದಕ್ಷರ ಬರ್ಲಿಲ್ಲ."

ನಿಮ್ಮ ಅಜ್ಜ ಸಿಟ್ಟಿನಿಂದ, "ಮೇಷ್ಟ್ರು ಬಡ್ಕಂಡ್ರಲ್ಲೇ, ಕೈ ಕೆಳಗಿರ್ಲಿ ಅಂತ! ಬಾಯಿಗ್ಯಾಕೆ ಹಿಡಿದೆ?" ಎಂದರು.

ನಾನು ಕಿಟಕಿಯ ಪಕ್ಕ ಇದ್ದೆ. ಹೇಳಬೇಕಾದವಳು ನಾನು. ಈರಮ್ಮ ನನ್ನ ಕಡೆ ನೋಡಲೂ ಇಲ್ಲ.

"ಅಭ್ಯಾಸ ಕಣಣ್ಣ," ಎಂದಳು. "ಸಿಗ್ತದೆ ಬಿಡು. ಮಾರ್ಕ್ಸ್ ಐತಲ್ಲ."

ಸಿಗಲಿಲ್ಲ. ಪಟ್ಟಿ ಹಾಕಿದ ದಿನ ನಿಮ್ಮ ಅಜ್ಜ ಒಬ್ಬರೇ ಹೋಗಿ, ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ನೋಡಿ ಬಂದರು. ದುರ್ಗದ ಹಾಸ್ಟೆಲಿನಲ್ಲಿ ಇವಳ ಜೊತೆಗಿದ್ದ, ಇವಳಿಗಿಂತ ಕಡಿಮೆ ಅಂಕದ ಒಬ್ಬ ಹುಡುಗಿಯ ಹೆಸರು ಅದರಲ್ಲಿತ್ತು. ಯಾಕೆ ಹೀಗೆ ಎಂದು ಅಲ್ಲಿನ ಗುಮಾಸ್ತರನ್ನು ಕೇಳಿದರಂತೆ. "ಯಾಕೆ ಅನ್ನೋದು ಪಟ್ಟಿಯಲ್ಲಿ ಬರೆಯಲ್ಲ ಕಣ್ರಿ" ಎಂದರಂತೆ. ಕೈಯಿಂದಲೇ ಹೋಯಿತೋ, ಮಾತು ಬರದೆ ಹೋಯಿತೋ, ಇನ್ನೇನೋ ಇತ್ತೋ. ನಮಗೆ ಇವತ್ತಿಗೂ ಗೊತ್ತಿಲ್ಲ. ಕೇಳಲು ಯಾರ ಮನೆಯ ಬಾಗಿಲು ತಟ್ಟಬೇಕು ಎಂಬುದೂ ಗೊತ್ತಿರಲಿಲ್ಲ.

ಮುಂದಿನ ವರ್ಷ ಮತ್ತೆ ಅರ್ಜಿ ಹಾಕಿಸಿ ಎಂದು ಮೇಷ್ಟ್ರು ಹೇಳಿಕಳಿಸಿದರು. ಮಾವ ಒಪ್ಪಲಿಲ್ಲ.

"ಸಂತೆಯಿಂದ ತಿರುಗಿ ಬಂದ ಮರಿನ ಮತ್ತೆ ಅದೇ ಸಂತೆಗೆ ಹೊಡ್ಕಂಡು ಹೋಗಬಾರ್ದು. ಎಲ್ರ ಕಣ್ಣಿಗೂ ಅದು ಬ್ಯಾಡ ಅಂದ ಮರಿ."

"ಅಪ್ಪ, ನಾನು ಮರಿ ಅಲ್ಲ," ಎಂದಳು ಈರಮ್ಮ.

"ಅಲ್ಲವ್ವ. ಅದಕ್ಕೇ ನಂಗೆ ಜಾಸ್ತಿ ಸಂಕಟ," ಎಂದರು ಮಾವ.

ಆ ದಿನ ನಾನು ಮುಂದೆ ಬಂದು, "ಮಾವ, ತಪ್ಪು ಅವಳದಲ್ಲ, ನಾನು ಹೇಳಿಕೊಟ್ಟದ್ದು, ಇನ್ನೊಂದು ಸಲ ಕಳಿಸಿ" ಎಂದಿದ್ದರೆ ಕೇಳುತ್ತಿದ್ದರೋ ಏನೋ. ಮಾವನ ಎದುರು ನಾನು ಅಲ್ಲಿಯವರೆಗೆ ಮಾತಾಡಿದವಳೇ ಅಲ್ಲ. ಬಾಗಿಲ ಹಿಂದೆ ನಿಂತೆ. ಮಾತು ತುಟಿಯವರೆಗೆ ಬಂತು, ಒಲೆಯ ಮೇಲಿನ ಹಾಲು ಉಕ್ಕಿತು, ಒಳಗೆ ಹೋದೆ.

ಮುಂದಿನ ಬೇಸಿಗೆಯಲ್ಲಿ ಅವಳನ್ನು ರಾಮಗಿರಿಗೆ ಕೊಟ್ಟು ಮದುವೆ ಮಾಡಿದರು. ಗಂಡ ರೈಲ್ವೆಯಲ್ಲಿ ಗ್ಯಾಂಗ್‌ಮನ್, ಒಳ್ಳೆಯವರು. ಮೂರು ಮಕ್ಕಳಾದವು. ಸ್ಟೇಷನ್ನಿನ ಹತ್ತಿರದ ಅವಳ ಮನೆಗೆ ಹೋದಾಗೆಲ್ಲ ಜಗುಲಿಯ ಮೇಲೆ ಯಾರಾದರೊಬ್ಬರು ಬಾಯಿ ತೆರೆದು ಕೂತಿರುತ್ತಿದ್ದರು. "ಇದು ಉಪ್ಪುನೀರಿಗೆ ಹೋಗಲ್ಲ ಕಣಜ್ಜ. ಹೊಳಲ್ಕೆರೆ ಆಸ್ಪತ್ರೆಗೆ ಹೋಗು, ಇವತ್ತೇ ಹೋಗು" ಎಂದು ಗದರಿಸಿ ಕಳಿಸುವಳು. ನಗುನಗುತ್ತಲೇ ಇದ್ದಳು. ಅವಳು ಅದನ್ನೆಲ್ಲ ಮರೆತಳು ಎಂದು ನಾನು ನಂಬಿಕೊಂಡೆ. ನಂಬಿದರೆ ನನಗೆ ಹಗುರವಾಗುತ್ತಿತ್ತು.

ನಿಮ್ಮ ಅಜ್ಜ ತೀರಿಹೋದ ಮೇಲೆ ಅವಳು ಬಂದು ನನ್ನ ಜೊತೆ ಹದಿನೈದು ದಿನ ಇದ್ದಳು. ಹೊರಡುವ ಹಿಂದಿನ ದಿನ ಇಬ್ಬರೂ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದೆವು. ಇದ್ದಕ್ಕಿದ್ದಂತೆ ಅವಳೇ ಮಾತು ತೆಗೆದಳು.

"ಅತ್ತಿಗೆ, ನಾನು ಡಾಕ್ಟ್ರಾಗಿದ್ರೆ ಹೆಂಗಿರ್ತಿದ್ದೆ ಅಂತ ಯೋಚ್ನೆ ಮಾಡೀಯಾ?"

"ಈಗ್ಯಾಕೆ ಬಿಡೇ ಅದು."

"ನಾನು ದಿನಾ ಮಾಡೀನಿ. ಒಂದಿನಾನೂ ಬಿಟ್ಟಿಲ್ಲ."

ಅದರಲ್ಲಿ ಸಿಟ್ಟಿರಲಿಲ್ಲ. ಇವತ್ತು ಬಿಸಿಲು ಹೆಚ್ಚು ಎನ್ನುವ ಹಾಗೆ ಹೇಳಿದಳು. ನಾನು ತಲೆ ಎತ್ತಲಿಲ್ಲ. ಆರಿಸಿದ ಅಕ್ಕಿಯನ್ನೇ ಮತ್ತೆ ಮೊರಕ್ಕೆ ಸುರಿದುಕೊಂಡು ಆರಿಸಿದೆ. ಅವಳು ಕಾಫಿ ಕಾಸುತ್ತೇನೆ ಎಂದು ಎದ್ದು ಹೋದಳು. ಮಾರನೆಯ ದಿನ ಬಸ್ಸು ಹತ್ತಿಸಿದೆ. ಮತ್ತೆ ನಾವು ಸೇರಲಿಲ್ಲ. ಆ ವರ್ಷವೇ ಜ್ವರ ಬಂದು, ಆಸ್ಪತ್ರೆ ಸೇರಿದವಳು ಹಿಂದಿರುಗಲಿಲ್ಲ. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ತಪ್ಪು ನನ್ನದು ಎಂಬ ಎರಡು ಮಾತನ್ನು ಅವಳಿಗೆ ಹೇಳಲು ಇಡೀ ಜನ್ಮ ಇತ್ತು. ಹೇಳಲಿಲ್ಲ. ಈಗ ನಿಮಗೆ ಹೇಳುತ್ತಿದ್ದೇನೆ, ಅದೂ ಬಾಯಿಂದ ಅಲ್ಲ, ಬರೆದು.

ಅವಳು ಹುಡುಗಿಯಾಗಿದ್ದಾಗಿನ ಫೋಟೋ ನಮ್ಮ ಮನೆಯಲ್ಲಿ ಇಲ್ಲ. ಅರ್ಜಿಗೆ ಬೇಕೆಂದು ದುರ್ಗದ ಸ್ಟುಡಿಯೋದಲ್ಲಿ ಒಂದೇ ಸಲ ತೆಗೆಸಿದ್ದು. ಇದ್ದ ಪ್ರತಿಗಳೆಲ್ಲ ಅರ್ಜಿಯ ಜೊತೆ ಹೋದವು, ತಿರುಗಿ ಬರಲಿಲ್ಲ. ಅವಳು ಹೇಗಿದ್ದಳು ಎಂದು ನಾಳೆ ಯಾರಾದರೂ ಕೇಳಿದರೆ ತೋರಿಸಲು ಇರುವುದು ನಾನು ಬರೆದ ಈ ಹಾಳೆಗಳಷ್ಟೇ. ಮಳೆ ಸೋರದ ಕಡೆ, ಗೆದ್ದಲು ಹತ್ತದ ಕಡೆ ಇಟ್ಟುಕೊಳ್ಳಿ ಮಕ್ಕಳೇ.