ತ್ರಾಸು ಕೊಡದ ಕೂಸು

ಎಲೆಯ ತೊಟ್ಟಿಗೆ ಔಡಲೆಣ್ಣೆ ಹಚ್ಚಿಕೊಂಡು ಅವ್ವ ಬಂದಳೆಂದರೆ ಮನೆಯವರೆಲ್ಲರ ಕಣ್ಣು ತೊಟ್ಟಿಲ ಕಡೆಗೆ. ವೀಳ್ಯದೆಲೆಯ ಎಳೆಯ ತೊಟ್ಟು ಅದು. ಕೂಸಿನ ಎರಡೂ ಕಾಲೆತ್ತಿ ಹಿಡಿದು, ಹಿಂದೆ ಒಂದಿಷ್ಟೇ ತಾಗಿಸಿ ತೆಗೆಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ನನ್ನ ಮಗಳ ಮುಖ ಕೆಂಪಾಗಿ, ಸಣ್ಣಗೆ ಮುಲುಕಿ, ದಿನಗಟ್ಟಲೆ ತಡೆದು ನಿಂತದ್ದು ಗಟ್ಟಿಯಾಗಿ ಹೊರಬೀಳುತ್ತಿತ್ತು. "ಬಂತು ನೋಡು!" ಎಂದು ಅವ್ವ ಗೆದ್ದವಳ ಹಾಗೆ ಕೂಗುತ್ತಿದ್ದಳು. ಮಗ್ಗದ ಕುಣಿಯಲ್ಲಿ ಕುಳಿತ ಅಪ್ಪ ಲಾಳಿ ನಿಲ್ಲಿಸಿ, "ಆತೇನು?" ಎನ್ನುತ್ತಿದ್ದ. ನಾನೂ ನಗುತ್ತಿದ್ದೆ. ಇಡೀ ಮನೆಯ ಸುಖ ಒಂದು ಕೂಸಿನ ಹೇಲಿನ ಮೇಲೆ ನಿಂತಿರುತ್ತದೆ ಅಂತ ನನಗೆ ಗೊತ್ತಾದದ್ದು ತಾಯಿಯಾದ ಮೇಲೆಯೇ.

ನಾನು ಸಾರಿಗೆ ಬಸ್ಸಿನ ಕಂಡಕ್ಟರ್. ಇಳಕಲ್ಲಿನಿಂದ ಹುನಗುಂದದ ಮೇಲೆ ಬಾಗಲಕೋಟೆ, ಮತ್ತೆ ಅದೇ ದಾರಿಯಲ್ಲಿ ವಾಪಸ್. ಬಾಯಿ ಜೋರು, ಅದು ಡಿಪೋದಲ್ಲಿ ಎಲ್ಲರಿಗೂ ಗೊತ್ತು. ಬಾಗಿಲಲ್ಲಿ ಜೋತುಬಿದ್ದವರನ್ನು ಒಳಗೆ ತಳ್ಳುವುದಕ್ಕೆ, ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರ ಜೊತೆ ಜಗಳಾಡುವುದಕ್ಕೆ ಬಾಯಿ ಜೋರಿರದಿದ್ದರೆ ನಡೆಯುವುದಿಲ್ಲ. ಗಂಡನ ಮನೆ ಹುನಗುಂದ, ತವರು ಇಳಕಲ್. ಚೊಚ್ಚಲ ಹೆರಿಗೆಯೆಂದು ಬಾಣಂತನಕ್ಕೆ ತವರಿಗೆ ಬಂದಿದ್ದೆ. ತಲೆಗೆ, ಕಿವಿಗೆ ಬಟ್ಟೆ ಬಿಗಿದು, ಹೊರಸಿನ ಕೆಳಗೆ ಕೆಂಡವಿಟ್ಟು, ಅವ್ವ ನನ್ನ ಬಾಯಿಯನ್ನೂ ಕಟ್ಟಿಬಿಟ್ಟಿದ್ದಳು. "ಬಾಣಂತಿ ಭಾಳ ಮಾತಾಡಬಾರದು, ಸುಮ್ನ ಮಕ್ಕೋ," ಅನ್ನುವುದೇ ಅವಳ ಕಾನೂನು.

ಕೂಸಿಗೆ ಹೊರಕಡೆ ಸರಿಯಾಗಿ ಆಗುವುದಿಲ್ಲ ಎಂಬ ಸುದ್ದಿ ಓಣಿಗೆಲ್ಲ ಹಬ್ಬಿತು. ಬಂದವರದೆಲ್ಲ ಒಂದೊಂದು ಮದ್ದು. ಬಜೆ ತೇಯ್ದು ನೆಕ್ಕಿಸಿರಿ ಎಂದರು, ಹೊಕ್ಕುಳ ಸುತ್ತ ಇಂಗು ಹಚ್ಚಿರಿ ಎಂದರು, ಒಣದ್ರಾಕ್ಷಿ ನೆನೆಸಿದ ನೀರು ಕುಡಿಸಿರಿ ಎಂದರು. ಕುಡಿಸುವುದು ನೆಕ್ಕಿಸುವುದು ಯಾವುದಕ್ಕೂ ನಾನು ಒಪ್ಪಲಿಲ್ಲ. ನಾನು ಬದನೆಕಾಯಿ ತಿಂದದ್ದರಿಂದಲೇ ಹೀಗೆ ಅಂತ ಒಬ್ಬಳು ಕಂಡುಹಿಡಿದಳು. ಬದನೆಕಾಯಿಯನ್ನು ನಾನು ಬಾಣಂತಿಯಾದ ಮೇಲೆ ಕಣ್ಣಿಂದಲೂ ನೋಡಿರಲಿಲ್ಲ! ಓಣಿಗೆ ಬರುವ ಆಶಾ ಕಾರ್ಯಕರ್ತೆ ಮಾತ್ರ, "ಎದಿ ಹಾಲು ಕುಡಿಯೋ ಕೂಸಿಗೆ ಕೆಲವೊಮ್ಮೆ ಹಿಂಗ ಆಗತೈತ್ರಿ. ಆದ್ರ ಗಟ್ಟಿ ಬರ್ತೈತಿ ಅಂದ್ರ ಒಮ್ಮೆ ಡಾಕ್ಟರಿಗೆ ತೋರಿಸ್ರಿ," ಎಂದಳು. ಅದರಲ್ಲಿ ಮೊದಲಿನ ಮಾತಷ್ಟೇ ನಮ್ಮ ಮನೆಯವರ ಕಿವಿಗೆ ಬಿತ್ತು.

ಯಾಕೆಂದರೆ ಮಿಕ್ಕದ್ದರಲ್ಲೆಲ್ಲ ನನ್ನ ಮಗಳು ಬಂಗಾರ. ಅಳುತ್ತಿರಲಿಲ್ಲ. ಹಾಲಿಗಾಗಿ ಎದ್ದು ಕೂಗುತ್ತಿರಲಿಲ್ಲ, ನಾವೇ ಎಬ್ಬಿಸಿ ಕುಡಿಸಬೇಕು. ಕುಡಿಯುತ್ತ ಕುಡಿಯುತ್ತಲೇ ನಿದ್ದೆ ಹೋಗುವಳು. ಒಂದು ಗೋಡೆಯಾಚೆ ಅಪ್ಪನ ಮಗ್ಗ, ಇನ್ನೊಂದು ಗೋಡೆಯಾಚೆ ನೆರೆಮನೆಯ ಮಗ್ಗ ಬಡಿಯುತ್ತಿದ್ದರೂ ಅವಳಿಗೆ ಗಾಢ ನಿದ್ದೆ. ಅವ್ವ ರಾಟೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತ ಬಂದವರಿಗೆಲ್ಲ ಹೇಳುವಳು: "ನನ್ನ ಮಮ್ಮಗಳು ಒಂದಿನಾನೂ ತ್ರಾಸು ಕೊಟ್ಟಿಲ್ಲ ನೋಡ್ರಿ. ಇವರವ್ವ ಇದ್ದಳಲ್ಲ, ಓಣಿಗೆ ಓಣಿನ ಎಬ್ಬಿಸ್ತಿದ್ಲು." ಕೇಳಿದವರು ನೆಟಿಗೆ ಮುರಿದು, "ಶಾಣ್ಯಾ ಕೂಸವಾ, ಯಾರ ಕಣ್ಣೂ ಬೀಳದಿರಲಿ," ಅನ್ನುವರು. ಕೇಳಿ ನನಗೂ ಎದೆ ಉಬ್ಬುತ್ತಿತ್ತು.

ಮೂರನೇ ತಿಂಗಳು ಹಿಡಿಯಿತು. ಹುನಗುಂದಕ್ಕೆ ಹೋಗುವ ಮೊದಲು ಬಾಗಲಕೋಟೆಯಾಚೆಯ ತುಳಸಿಗೇರಿ ಹಣಮಪ್ಪನಿಗೆ ಕೂಸನ್ನು ತೋರಿಸಿ ಬರಬೇಕು ಎಂದು ಅವ್ವ ಪಟ್ಟು ಹಿಡಿದಳು. ಕೂಸಿನ ಹೊಟ್ಟೆ ಸಾಫ್ ಆಗಲಿ ಅಂತ ಹರಕೆ ಹೊತ್ತಿದ್ದಳಂತೆ. ಒಂದು ಶನಿವಾರ ಅವ್ವ, ನಾನು, ಕೂಸು ಮೂವರೂ ಬಸ್ಸು ಹತ್ತಿದೆವು. ಕಂಡಕ್ಟರ್ ನಮ್ಮ ಡಿಪೋದವನೇ. ಹೇಗೋ ಇಬ್ಬರಿಗೂ ಸೀಟು ಮಾಡಿಕೊಟ್ಟ. ಹುನಗುಂದದಲ್ಲಿ ಬಸ್ಸು ತುಂಬಿ ಕಾಲಿಡಲು ಜಾಗವಿಲ್ಲದಂತಾಯಿತು. ಮೊದಲ ಸಲ ನಾನು ಪ್ರಯಾಣಿಕರ ಹಾಗೆ ಕುಳಿತು ಹೋಗುತ್ತಿದ್ದೆ, ಸಂತೋಷವೇ ಆಗಿತ್ತು.

ಅಮೀನಗಡ ದಾಟಿದ ಮೇಲೆ ಎಮ್ಮೆಯೊಂದು ಅಡ್ಡ ಬಂದು ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ನಿಂತವರು ಕುಳಿತವರ ಮೇಲೆ ಬಿದ್ದರು. ಯಾರದೋ ಕೊಡ ಉರುಳಿ ಡಣಡಣ ಅಂತು. ಹೆಂಗಸರು ಚೀರಿದರು. ಬಸ್ಸಿನಲ್ಲಿದ್ದ ಮಕ್ಕಳೆಲ್ಲ ಒಮ್ಮೆಲೇ ಹೋ ಎಂದು ಅಳತೊಡಗಿದವು. ನನ್ನ ಮಗಳ ಮುಂಗೈ ಮುಂದಿನ ಸೀಟಿನ ಕಬ್ಬಿಣಕ್ಕೆ ಬಡಿದಿತ್ತು, ಕೆಂಪಗೆ ಬರೆ ಎದ್ದಿತ್ತು. ಅವಳು ಕಣ್ಣು ಬಿಟ್ಟಳು. ನನ್ನನ್ನು ನೋಡಿದಳೋ ಇಲ್ಲವೋ ತಿಳಿಯದು. ಮತ್ತೆ ಕಣ್ಣು ಮುಚ್ಚಿದಳು.

"ನೋಡ್ರೆವಾ, ಎಷ್ಟ ಶಾಣ್ಯಾ ಐತಿ!" ಎಂದಳು ಪಕ್ಕದಲ್ಲಿ ನಿಂತಿದ್ದ ಹೆಂಗಸು.

ಎಷ್ಟೋ ವರ್ಷಗಳಿಂದ ನಾನು ಕೂಸುಗಳ ಅಳುವಿನ ನಡುವೆಯೇ ಟಿಕೆಟ್ ಹರಿದವಳು. ಹಸಿದ ಕೂಸು ಹೇಗೆ ಅಳುತ್ತದೆ, ಸೆಕೆಗೆ ಹೇಗೆ, ಜನರ ಗದ್ದಲಕ್ಕೆ ಹೇಗೆ, ಎಲ್ಲ ಗೊತ್ತು. ಇಂಥ ಪೆಟ್ಟಿಗೆ ಅಳದ ಕೂಸನ್ನು ನಾನು ಬಸ್ಸಿನಲ್ಲಿ ನೋಡಿರಲೇ ಇಲ್ಲ. ಅಂಗಾಲಿಗೆ ಬೆರಳಿನಿಂದ ಚಟ್ಟನೆ ಹೊಡೆದೆ. ಇನ್ನೊಮ್ಮೆ ಹೊಡೆದೆ. ಬೆಕ್ಕಿನ ಮರಿಯ ಹಾಗೆ ಒಡಕು ದನಿ ಹೊರಡಿಸಿ ಸುಮ್ಮನಾದಳು. ಸುತ್ತ ಅಷ್ಟು ಸೆಕೆ, ಅವಳ ಅಂಗಾಲು ಮಾತ್ರ ತಣ್ಣಗಿತ್ತು.

"ಎವ್ವಾ, ನಾವು ಬಾಗಲಕೋಟಿಯಾಗ ಇಳಿಯೂನು. ದವಾಖಾನಿಗೆ ಹೋಗೂನು," ಎಂದೆ.

"ಯಾಕಲೇ? ದೇವರಿಗಂತ ಹೊಂಟು ದವಾಖಾನಿಗಾ? ಕೂಸಿಗೆ ಏನಾಗೈತಿ? ಹಾಯಾಗಿ ಮಕ್ಕೊಂಡೈತಿ."

"ಅದಕ್ಕ ಹೇಳಾಕತ್ತೇನಿ. ಇದು ನಿದ್ದಿ ಅಲ್ಲಬೇ."

"ಅಪಶಕುನ ನುಡೀಬ್ಯಾಡ! ಹಣಮಪ್ಪನ ಹರಕಿ ಐತಿ."

"ಹಣಮಪ್ಪ ಮುಂದಿನ ಶನಿವಾರನೂ ಅಲ್ಲೇ ಇರ್ತಾನ, ಎಲ್ಲೂ ಹೋಗೂದಿಲ್ಲ. ನೀ ಇಳಿ!"

ಇಡೀ ಬಸ್ಸು ನಮ್ಮನ್ನೇ ನೋಡುತ್ತಿತ್ತು. ನೋಡಲಿ. ಅವ್ವ ಹರಕೆಯ ಕಾಯಿಯ ಚೀಲವನ್ನು ಎದೆಗವಚಿಕೊಂಡು, ನನ್ನನ್ನು ಬೈಯುತ್ತಲೇ ಬಾಗಲಕೋಟೆಯಲ್ಲಿ ಇಳಿದಳು.

ಮಕ್ಕಳ ಡಾಕ್ಟರ್ ಮಧ್ಯವಯಸ್ಸಿನ ಹೆಂಗಸು. ಮೊದಲು ಹೊರಕಡೆಯ ವಿಷಯ ಕೇಳಿದರು. ಅವ್ವ ಎಲೆಯ ತೊಟ್ಟಿನ ಮಹಿಮೆಯನ್ನು ಮೊದಲಿನಿಂದ ಕೊನೆಯತನಕ ವರ್ಣಿಸಿದಳು. ಡಾಕ್ಟರ್ ಸಿಟ್ಟಾಗಲಿಲ್ಲ. "ಇನ್ನ ಮುಂದ ಅದನ್ನ ಹಾಕಬ್ಯಾಡ್ರಿ ಆಯಿ, ಒಳಗ ಗಾಯ ಆಗತೈತಿ," ಎಂದಷ್ಟೇ ಹೇಳಿ ಕೂಸಿನ ನಾಲಿಗೆ ನೋಡಿದರು, ಉಬ್ಬಿದ ಹೊಕ್ಕುಳ ಒತ್ತಿ ನೋಡಿದರು, ಚರ್ಮ ಸವರಿದರು. ಹುಟ್ಟಿದ ಮೇಲೆ ಅರಿಸಿನ ಕಾಮಾಲೆ ಎಷ್ಟು ದಿನ ಇತ್ತು ಎಂದು ಕೇಳಿದರು. ಬಹಳ ದಿನ ಇತ್ತು, ಎಳೆ ಬಿಸಿಲಿಗೆ ಹಿಡಿದು ಹಿಡಿದು ಹೋಗಿತ್ತು.

"ಅಳ್ತೈತೇನು ಹೆಂಗ?"

"ಇಲ್ಲೇ ಇಲ್ರಿ ಮೇಡಮ್ಮಾರ. ಹುಟ್ಟಿದಾಗಿಂದ ಒಂದಿನಾನೂ ತ್ರಾಸು ಕೊಟ್ಟಿಲ್ರಿ," ಎಂದಳು ಅವ್ವ. ಡಾಕ್ಟರ್ ಹೊಗಳುತ್ತಾರೆಂದು ಅವರ ಮುಖ ನೋಡುತ್ತ ನಿಂತಳು. ಅವರು ರಕ್ತ ಪರೀಕ್ಷೆಗೆ ಬರೆದುಕೊಟ್ಟರು.

ಸಂಜೆಯವರೆಗೂ ಹೊರಗಿನ ಬೆಂಚಿನ ಮೇಲೆ ಕಾದೆವು. ರಿಪೋರ್ಟು ಬಂದ ಮೇಲೆ ಡಾಕ್ಟರ್ ನಮ್ಮನ್ನು ಎದುರಿಗೆ ಕೂರಿಸಿಕೊಂಡು ಸಾವಕಾಶವಾಗಿ ಹೇಳಿದರು. ಗಂಟಲಲ್ಲಿ ಥೈರಾಯ್ಡ್ ಅಂತ ಒಂದು ಗ್ರಂಥಿ ಇರುತ್ತದೆ, ಇವಳದು ಹುಟ್ಟಿನಿಂದಲೇ ಕೆಲಸ ಮಾಡುತ್ತಿಲ್ಲ. ಅದರ ರಸವಿಲ್ಲದೆ ಮೈಯಲ್ಲಿ ಎಲ್ಲವೂ ಮಂದ. ಕರುಳು ಮಂದ, ಅದಕ್ಕೇ ಮಲಬದ್ಧತೆ. ಹಸಿವು ಮಂದ, ಅಳು ಮಂದ. "ಬರೇ ಹೊಟ್ಟಿದಷ್ಟ ಆಗಿದ್ರ ನಾ ಚಿಂತಿ ಮಾಡ್ತಿರಲಿಲ್ಲ. ಎದಿ ಹಾಲಿನ ಕೂಸು ನಾಕೈದು ದಿನಾ ಹೋಗದಿದ್ರೂ, ಚುರುಕಾಗಿ ಆಡಕೋಂತ, ಕುಡಕೋಂತ, ಮೆತ್ತಗ ಹೋಗ್ತಿದ್ರ ನಡೀತೈತಿ. ಇದು ಹಂಗಲ್ಲ."

ನಾನು ಕೇಳಿದೆ: "ಬುದ್ಧಿ, ಮೇಡಂ? ಅದೂ ಮಂದ ಆಗತೈತೇನ್ರಿ?"

"ಮಿದುಳು ಬೆಳಿಯಾಕ ಆ ರಸ ಬೇಕವಾ. ಇವತ್ತ ಗುಳಿಗಿ ಸುರು ಮಾಡೂನು. ಮೊದಲನೇ ವಾರದಾಗ ಗೊತ್ತಾಗಿದ್ರ ಭಾಳ ಛಲೋ ಇತ್ತು. ಈಗರೆ ಬಂದ್ರಿ, ಇನ್ನೂ ತಡಾ ಮಾಡಿದ್ರ ಕಷ್ಟ ಇತ್ತು. ಎಷ್ಟು ಹೋಗೈತಿ, ಏನರ ಹೋಗೈತೋ ಇಲ್ಲೋ, ಈಗ ಯಾರಿಗೂ ಹೇಳಾಕ ಆಗೂದಿಲ್ಲ. ಬೆಳೀತಾ ಬೆಳೀತಾ ನೋಡಬೇಕು."

ಹುಟ್ಟಿದ ಕೂಸಿನ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆದು ನೋಡಿದರೆ ಆಗಲೇ ತಿಳಿಯುತ್ತದಂತೆ. ಅಂಥದ್ದೊಂದು ಪರೀಕ್ಷೆ ಇದೆಯೆಂದು ನಮಗೆ ಗೊತ್ತೇ ಇರಲಿಲ್ಲ. ವಾಪಸ್ ಬರುವ ಬಸ್ಸಿನಲ್ಲಿ ನನಗೆ ಸಿಟ್ಟು ಉಕ್ಕಿ ಉಕ್ಕಿ ಬರುತ್ತಿತ್ತು. ಅವ್ವನ ಮೇಲೆ, ನೆಟಿಗೆ ಮುರಿದ ಹೆಂಗಸರ ಮೇಲೆ, ನನ್ನ ಮೇಲೆ, ಯಾರ ಮೇಲೆ ಅಂತ ಸಿಟ್ಟಾಗಲಿ? ಎಲ್ಲರೂ ಆ ಕೂಸನ್ನು ಪ್ರೀತಿ ಮಾಡಿದವರೇ.

ಮರುದಿನದಿಂದ ಗುಳಿಗೆಯ ಕೆಲಸವನ್ನು ಅವ್ವ ನನ್ನ ಕೈಯಿಂದ ಕಸಿದುಕೊಂಡಳು. ಬೆಳಿಗ್ಗೆ ಬರಿ ಹೊಟ್ಟೆಯಲ್ಲೇ ಕೊಡಬೇಕು. ಎರಡು ಚಮಚದ ನಡುವೆ ಗುಳಿಗೆ ಪುಡಿ ಮಾಡಿ, ನನ್ನ ಎದೆಯ ಹಾಲಿನ ನಾಲ್ಕು ಹನಿ ಬೆರೆಸಿ, ಬೆರಳಿನಿಂದ ಬಾಯೊಳಗೆ ಸವರುತ್ತಿದ್ದಳು. ಚಮಚಕ್ಕೆ ಅಂಟಿದ ಪುಡಿಯನ್ನೂ ಬಿಡುತ್ತಿರಲಿಲ್ಲ. ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ನಾನು ನೀರು ಹಾಕಿಕೊಳ್ಳುತ್ತಿದ್ದಾಗ ಮನೆಯೊಳಗಿಂದ ಎಂಥದೋ ಚೀರಾಟ ಕೇಳಿತು. ಒದ್ದೆ ಮೈಯಲ್ಲೇ ಓಡಿಬಂದೆ. ಕೂಸು ತಾನಾಗಿಯೇ ಬಟ್ಟೆ ತುಂಬ ಮೆತ್ತಗೆ ಮಾಡಿಕೊಂಡು, ಅದರಲ್ಲೇ ಹೊರಳಾಡುತ್ತ, ಕಾಲು ಝಾಡಿಸಿ ಅಳುತ್ತಿತ್ತು. ಹೊಲಸು ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡು ಅವ್ವನೂ ಅಳುತ್ತಿದ್ದಳು. ದೃಷ್ಟಿಯಾಯಿತು, ಮೆಣಸಿನಕಾಯಿ ನಿವಾಳಿಸು ಎಂದು ನೆರೆಮನೆಯವಳು ಕೂಗಿ ಹೇಳಿದರೆ ಅವ್ವ ಮೊದಲ ಸಲ ಅವಳ ಮೇಲೆ ಹರಿಹಾಯ್ದಳು: "ಯಾಕ ಅಳಬಾರದು? ಅಳ್ಲಿ! ನಿಂದೇನ್ ಹೋಗತೈತಿ?"

ಈಗ ಅವಳಿಗೆ ನಾಲ್ಕು ವರ್ಷ. ನಡೆದದ್ದು ತಡ, ಮಾತು ಇನ್ನೂ ತಡ. ಹೊಟ್ಟೆಯ ಕಾಟ ಪೂರ್ತಿ ಹೋಗಿದೆ, ಗುಳಿಗೆ ಮಾತ್ರ ದಿನವೂ ನಡೆದಿದೆ. ನಾನು ಡ್ಯೂಟಿಗೆ ಹೋದಾಗ ಇಳಕಲ್ಲಿನಲ್ಲಿ ಅವ್ವನ ಹತ್ತಿರ ಇರುತ್ತಾಳೆ. ಬಸ್ಸಿನಲ್ಲಿ ಕೂಸು ಮಲಗಿಸಿಕೊಂಡ ತಾಯಂದಿರನ್ನು ಕಂಡರೆ ನನಗೆ ತಡೆಯಲಾಗುವುದಿಲ್ಲ. "ಎಲ್ಲಿಗ್ರಿ?" ಎಂದು ಟಿಕೆಟ್ ಕೊಟ್ಟ ಮೇಲೆ, "ಕೂಸು ಅಳತೈತಿಲ್ರಿ? ಹೊರಕಡೆ ಬರೋಬರಿ ಆಗತೈತಿಲ್ರಿ?" ಎಂದೂ ಕೇಳಿಬಿಡುತ್ತೇನೆ. ಕೆಲವರು ನಗುತ್ತಾರೆ. ಒಬ್ಬಳು, "ಅದಕ್ಕೂ ಟಿಕೀಟ ಐತೇನ್ರಿ ಅಕ್ಕಾರ?" ಅಂದಳು. ಅನ್ನಲಿ ಬಿಡು, ನಾನು ಕೇಳುವುದನ್ನು ಬಿಟ್ಟಿಲ್ಲ.

ಹೋದ ತಿಂಗಳು ಅಂಗನವಾಡಿಯ ಟೀಚರ್, "ಹುಡುಗಿ ಛಲೋ ಐತ್ರಿ, ಸ್ವಲ್ಪ ಸಾವಕಾಶ ಅಷ್ಟ," ಎಂದು ಅವ್ವನಿಗೆ ಹೇಳಿದ್ದರಂತೆ. ನಾನು ಡ್ಯೂಟಿ ಮುಗಿಸಿ ಬಂದಾಗ ಮಗಳು ಪಡಸಾಲೆಯಲ್ಲಿ ಅಜ್ಜಿಯ ಮುಂದೆ ಕುಳಿತು ಬಣ್ಣ ಬಣ್ಣದ ನೂಲಿನ ಕಂಡಿಕೆಗಳನ್ನು ಬೇರೆ ಬೇರೆ ಮಾಡುತ್ತಿದ್ದಳು. ಕೆಂಪನ್ನು ಕೆಂಪಿನ ಜೊತೆ ಇಡುವ ಮುಂಚೆ ಬಹಳ ಹೊತ್ತು ಕೈಯಲ್ಲೇ ಹಿಡಿದು ನೋಡುತ್ತಿದ್ದಳು. ಅವ್ವ ರಾಟೆ ನಿಲ್ಲಿಸಿದ್ದಳು. ನನ್ನ ಕಡೆಗೆ ತಿರುಗದೆಯೇ ಕೇಳಿದಳು:

"ತಿಂಗಳಗಟ್ಲೆ ನಾ ಹೊಗಳಕೋಂತ ಕುಂತೆನಲ್ಲವಾ. ಅಷ್ಟ ದಿನದಾಗ ಇಕೀದು ಏನರ ಹೋತೇನ?"

ಇಷ್ಟು ವರ್ಷ ಅವಳು ಇದನ್ನು ಕೇಳಿರಲಿಲ್ಲ. ಕೇಳಿದರೆ ಏನೇನು ಅನ್ನಬೇಕು ಅಂತ ಎಷ್ಟೋ ಸಲ ಬಸ್ಸಿನ ಬಾಗಿಲಲ್ಲಿ ನಿಂತು ನಾನು ಮನಸ್ಸಿನಲ್ಲೇ ಜಗಳಾಡಿದ್ದೆ. ಮಾತೆಲ್ಲ ಸಿದ್ಧವಾಗಿಯೇ ಇತ್ತು. ಅವ್ವ ನಿಂತ ರಾಟೆಯ ನೂಲಿನೆಳೆಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

"ಇಲ್ಲಬೇ ಎವ್ವಾ," ಎಂದೆ. "ಏನೂ ಹೋಗಿಲ್ಲ."

"ಖರೆ? ಡಾಕ್ಟರ ಹೇಳಿದ್ರೇನ?"

"ಖರೆ. ಅವರ ಹೇಳ್ಯಾರ."

ಡಾಕ್ಟರ್ ಹಾಗೆ ಹೇಳಿಲ್ಲ. ಹೋದ ಸಲ ಹೋದಾಗಲೂ ಶಾಲೆಗೆ ಹಾಕಿ, ನೋಡೋಣ ಎಂದಿದ್ದಾರೆ. ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡು, ಹತ್ತಿರ ಸರಿದು ಮೊಮ್ಮಗಳ ಮುಂದೆ ಇನ್ನೊಂದು ಹಿಡಿ ಕಂಡಿಕೆ ಸುರಿದಳು.