ಮಾವ ರೆಫರಿಯಾದ ಫೈನಲ್

ವಾಡಿಯ ಫೈನಲ್ ಪಂದ್ಯಕ್ಕೆ ನನ್ನ ಸೋದರಮಾವನೇ ರೆಫರಿ ಎಂದು ಕೇಳಿದ ಕೂಡಲೇ ನನ್ನ ತಲೆಯೊಳಗೆ ಹುಳ ಹೊಕ್ಕಿತು. ನಾನು ಮೊದಲಿನಿಂದಲೂ ಸಂಶಯದ ಮನುಷ್ಯ. ಅಂಗಡಿಯವನು ನಕ್ಕು ಮಾತಾಡಿಸಿದರೆ ತಕ್ಕಡಿಯ ಕಡೆ ನೋಡುವವನು. ಆದರೆ ಈ ಸಲದ ಸಂಶಯಕ್ಕೆ ಬುಡವಿತ್ತು. ಮಾವನ ಮಗಳನ್ನು ನನಗೇ ಕೊಡುವುದೆಂದು ಎರಡೂ ಮನೆಗಳಲ್ಲಿ ಎಂದೋ ಮಾತಾಗಿತ್ತು. ನಮ್ಮಲ್ಲಿ ಅಕ್ಕನ ಮಗನಿಗೆ ತಮ್ಮನ ಮಗಳು ಎಂದರೆ ಅದರಲ್ಲಿ ಕೇಳುವುದೇನೂ ಇಲ್ಲ. ಅವಳ ಓರಗೆಯವರ ಲಗ್ನಗಳೆಲ್ಲ ಮುಗಿದಿದ್ದವು, ಅವಳಿಗೆ ಇಪ್ಪತ್ತು ದಾಟಿತ್ತು. ತಾಯಿಯಿಲ್ಲದ ಮನೆಯನ್ನು ಒಬ್ಬಳೇ ನಡೆಸುತ್ತಿದ್ದಳು. ಅವಳಿಗೆ ನನ್ನ ಮೇಲೆ ಮನಸ್ಸಿತ್ತು, ನನಗಂತೂ ಅವಳೇ ಸೈ. ಆದರೂ ಆ ವರ್ಷ ಅವ್ವ ಲಗ್ನದ ಮಾತು ತೆಗೆದಾಗಲೆಲ್ಲ ಮಾವ, "ನೋಡೂಣಂತ ಅಕ್ಕಾ, ಅವಸರ ಏನದ?" ಎನ್ನತೊಡಗಿದ್ದ.

ಅವಸರ ಏನದ ಅಂತೆ! ಮಾವ ವಾಡಿಯಲ್ಲಿ ಗೂಡ್ಸ್ ಗಾಡಿಯ ಗಾರ್ಡು. ಅಲ್ಲಿಯ ಸ್ಟೇಷನ್ನಿನಲ್ಲಿ ಒಬ್ಬ ಟಿಕೆಟ್ ಬಾಬು ಇದ್ದ. ನಮ್ಮ ಮಂದಿಯೇ, ವೈಷ್ಣವರೇ. ಇಂಗ್ರೇಜಿ ಬಲ್ಲವನು, ಕೂದಲಿಗೆ ಎಣ್ಣೆ ಹಚ್ಚಿ ಬೈತಲೆ ತೆಗೆಯುವವನು, ರೈಲ್ವೆ ತಂಡದ ಕ್ಯಾಪ್ಟನ್ನು. ಅವನು ಮಾವನ ಮನೆಗೆ ಚಹಾಕ್ಕೆ ಬಂದು ಹೋಗುತ್ತಾನೆಂದು ನನಗೆ ಸುದ್ದಿ ಬಂದಿತ್ತು. ಅವರ ತಂಡ ಒಂದು ಕಡೆ, ನಮ್ಮ ಶಹಾಬಾದ ಖಣಿಯ ತಂಡ ಇನ್ನೊಂದು ಕಡೆ, ನಡುವೆ ಬಾಯಲ್ಲಿ ಸೀಟಿ ಇಟ್ಟುಕೊಂಡು ಮಾವ. ನನಗೆ ನಿದ್ದೆ ಹೇಗೆ ಬರಬೇಕು?

ಆಗ ನಮ್ಮದೆಲ್ಲ ಮೊಗಲಾಯಿ. ಶಹಾಬಾದ, ಚಿತ್ತಾಪುರ, ಸೇಡಂ, ಎಲ್ಲ ಕಡೆ ನಿಜಾಮರ ಸರ್ಕಾರ. ವಾಡಿಯ ಸ್ಟೇಷನ್ನು, ಹಳಿ, ಅದರ ಸುತ್ತಲಿನ ಜಾಗ ಮಾತ್ರ ಇಂಗ್ರೇಜರ ಹದ್ದಿನೊಳಗೆ. ಅಲ್ಲಿಯ ಪೊಲೀಸರು ಬೇರೆ, ಕಾಯ್ದೆ ಬೇರೆ. ಫುಟ್‌ಬಾಲ್ ಮೈದಾನ ಸರಿಯಾಗಿ ಆ ಗಡಿಯ ಮೇಲೆಯೇ ಇತ್ತು. ಯಾರ್ಡಿನ ಕಡೆಯ ಗೋಲು ಇಂಗ್ರೇಜರದು, ಜಾಲಿಗಿಡಗಳ ಕಡೆಯ ಗೋಲು ನಿಜಾಮರದು. ಆ ಕಡೆ ಒಬ್ಬನನ್ನು ಕೆಡವಿ ಈ ಕಡೆ ಓಡಿಬಂದರೆ ಅವರ ಪೊಲೀಸರು ಮುಟ್ಟುವಂತಿರಲಿಲ್ಲ. ಈ ಅನುಕೂಲವನ್ನು ಎರಡೂ ತಂಡದವರು ಧಾರಾಳವಾಗಿ ಬಳಸಿಕೊಂಡಿದ್ದೆವು. ಅದಕ್ಕೇ ಮಂದಿ ಅದನ್ನು ಎರಡು ದೇಶದ ಫೈನಲ್ ಎನ್ನುತ್ತಿದ್ದರು. ಸೇಡಂ, ನಾಲವಾರ ಕಡೆಯಿಂದ ಗಾಡಿ ತುಂಬಿಕೊಂಡು ಬಂದಿದ್ದರು. ಖಾಲಿ ವ್ಯಾಗನ್‌ಗಳ ಮೇಲೆಲ್ಲ ಮಂದಿಯೇ ಮಂದಿ.

ಇಂಥ ಪಂದ್ಯಕ್ಕೆ ಮಾವನನ್ನು ಒಪ್ಪಿದ್ದಾದರೂ ಹೇಗೆಂದರೆ, ಎರಡೂ ತಂಡದವರು ಅವನನ್ನು ತಮ್ಮವನೆಂದುಕೊಂಡರು. ಒಂದೇ ಕಡೆ ಚಾಕರಿ, ಬಿಟ್ಟುಕೊಡುವುದಿಲ್ಲ ಎಂದು ರೈಲ್ವೆಯವರ ಲೆಕ್ಕ. ಅಳಿಯನಾಗುವವನು ಆಡುವಾಗ ಅನ್ಯಾಯ ಮಾಡುತ್ತಾನೆಯೇ ಎಂದು ನಮ್ಮವರ ಲೆಕ್ಕ. ನಮ್ಮ ಕ್ಯಾಪ್ಟನ್ ಖಣಿಯಲ್ಲಿ ಮದ್ದು ತುಂಬಿ ಬಂಡೆ ಹಾರಿಸುವ ಮಿಸ್ತ್ರಿ. ಅವನಿಗೆ ಎಲ್ಲರೂ ಉಸ್ತಾದ್ ಎನ್ನುತ್ತಿದ್ದೆವು. ಅವನು ಗಾಡಿ ಇಳಿಯುವಾಗ ನನ್ನ ಬೆನ್ನು ತಟ್ಟಿ, "ಫಿಕರ್ ಬ್ಯಾಡ ತಮ್ಮಾ, ರೆಫ್ರಿ ನಮ್ಮ ಮನಿಯವರೇ ಅದಾರ" ಎಂದು ಕಣ್ಣು ಹೊಡೆದ. 

ಆಟ ಶುರುವಾಯಿತು. ಅವರದು ಬೂಟು ಕಾಲು, ನಮ್ಮದು ಬರಿಗಾಲು, ಕಾಲಿನ ಹರಡಿಗೆ ಅರಿವೆಯ ಪಟ್ಟಿ. ಮೊದಲ ಸಲ ಚೆಂಡಿಗೆ ಹೋದಾಗಲೇ ಟಿಕೆಟ್ ಬಾಬುವಿನ ಬೂಟು ನನ್ನ ಮೊಣಕಾಲ ಕೆಳಗೆ ಬಿತ್ತು. ಕಣ್ಣಲ್ಲಿ ನೀರು ಬಂತು. ಮಾವ ಸುಮ್ಮನೆ ಕೈಬೀಸಿ, "ಆಡ್ರಿ, ಆಡ್ರಿ" ಎಂದ. ಅದಾದ ಮೇಲೆ ನಾನು ಬಾಬುವಿನ ಭುಜಕ್ಕೆ ತುಸು ತಾಗಿದೆ. ಸೀಟಿ ಕಿವಿ ಹರಿಯಿತು. ಫೌಲ್! ಉಸ್ತಾದನ ಹೊಟ್ಟೆಗೆ ಮೊಣಕೈ ಹಾಕಿದರು, ಏನೂ ಇಲ್ಲ. ನಮ್ಮ ಹುಡುಗನೊಬ್ಬ ಅವರ ಅಂಗಿ ಹಿಡಿದ, ಫೌಲ್! ನಮ್ಮವರೇನು ಸಾಧುಗಳಲ್ಲ. ಕಲ್ಲು ಎತ್ತುವ ಕೈಗಳು, ಸಿಕ್ಕಲ್ಲಿ ಚಿವುಟಿದ್ದಾರೆ, ಕಾಲು ಕೊಟ್ಟು ಕೆಡವಿದ್ದಾರೆ. ಆದರೆ ಮಾವನ ಕಣ್ಣಿಗೆ ಬಿದ್ದದ್ದೆಲ್ಲ ನಮ್ಮದೇ, ಅದರಲ್ಲೂ ನನ್ನದೇ. ಒಂದೊಂದು ಸೀಟಿಗೂ ನನಗೆ ಲಗ್ನ ಒಂದೊಂದು ಹೆಜ್ಜೆ ಹಿಂದೆ ಸರಿದಂತಾಗುತ್ತಿತ್ತು.

ಹಾಫ್‌ಟೈಮಿನಲ್ಲಿ ಗೋಲಿಲ್ಲದೆ ಎರಡೂ ಕಡೆ ಸಮ. ನಿಂಬೆಹಣ್ಣು ಹೀರುತ್ತಿದ್ದ ಮಾವನ ಹತ್ತಿರ ಹೋಗಿ ನೇರವಾಗಿ ಕೇಳಿದೆ: "ಮಾಮಾ, ಆ ಬಾಬುಗೇನು ಮಗಳನ್ನ ಕೊಡಾಂವ ಇದ್ದೀಯೇನು? ಖರೇ ಹೇಳು."

ಮಾವ ನಿಂಬೆಯ ಸಿಪ್ಪೆ ಉಗುಳಿದ. "ಇಲ್ಲಿ ನಾ ನಿನಗ ಮಾಮಾ ಅಲ್ಲ. ಹೋಗು, ಆಡು."

"ಇದಕ್ಕೇನು ಉತ್ತರ ಅಂತಾರ?"

"ರೆಫ್ರಿ ಜೋಡಿ ವಾದ ಮಾಡಿದ್ರ ಹೊರಗ ಹಾಕ್ತೀನಿ ನೋಡು" ಎಂದ. ಮುಖದಲ್ಲಿ ಒಂದಿಷ್ಟೂ ನಗುವಿಲ್ಲ. 

ಎರಡನೆಯ ಅರ್ಧದಲ್ಲಿ ಆಟ ಹೊಡೆದಾಟಕ್ಕೆ ತಿರುಗಿತು. ನಮ್ಮ ಒಬ್ಬನ ಹಲ್ಲು ಹೋಯಿತು, ಅವರ ಒಬ್ಬನನ್ನು ಎತ್ತಿಕೊಂಡು ಹೋಗಿ ನೆರಳಿಗೆ ಮಲಗಿಸಿದರು. ಗಡಿಯ ಈ ಕಡೆ ನಿಜಾಮರ ಪೊಲೀಸರು, ಆ ಕಡೆ ರೈಲ್ವೆ ಪೊಲೀಸರು ಲಾಠಿ ಹಿಡಿದು ಒಬ್ಬರನ್ನೊಬ್ಬರು ನೋಡುತ್ತ ನಿಂತಿದ್ದರು. ಹೊತ್ತು ಇಳಿಯುವಾಗ ಚೆಂಡು ನನ್ನ ಕಾಲಿಗೆ ಸಿಕ್ಕಿತು. ಮುಂದೆ ಟಿಕೆಟ್ ಬಾಬು, ಅವನ ಹಿಂದೆ ಅವರ ಇಬ್ಬರು, ಆಮೇಲೆ ಯಾರ್ಡಿನ ಕಡೆಯ ಗೋಲು.

ಅಷ್ಟರಲ್ಲಿ ಸೀಟಿ ಆಯಿತು. ಗಿಡ್ಡ ಗಿಡ್ಡ, ಒಂದರ ಹಿಂದೆ ಒಂದು.

ಆಗ ನಡೆದದ್ದು ವಾಡಿ ಮತ್ತು ಶಹಾಬಾದದ ನಡುವೆ ಮಾತ್ರ ನಡೆಯಬಹುದಾದ ಮಾತು. ಯಾರ್ಡಿನಲ್ಲಿ ವ್ಯಾಗನ್ ಜೋಡಿಸುವಾಗ ಅಂಥ ಸೀಟಿ ಕೇಳಿದರೆ ರೈಲ್ವೆಯವನು ಇದ್ದಲ್ಲೇ ನಿಲ್ಲಬೇಕು, ಇಲ್ಲದಿದ್ದರೆ ಗಾಲಿಯ ಕೆಳಗೆ ಹೋಗುತ್ತಾನೆ. ಅವರ ತಂಡದಲ್ಲಿದ್ದವರೆಲ್ಲ ಹುಟ್ಟಾ ರೈಲ್ವೆಯವರು, ಎಲ್ಲರೂ ಕಂಬದಂತೆ ನಿಂತರು. ನಮ್ಮ ಖಣಿಯಲ್ಲಿ ಸೀಟಿ ಎಂದರೆ ಮದ್ದಿಗೆ ಬೆಂಕಿ ಇಟ್ಟಾಯಿತು, ಬಂಡೆ ಹಾರುತ್ತದೆ, ಓಡು. ನಾನು ಅಲ್ಲಿ ಕಾರಕೂನನಾದರೂ ದಿನಾ ಆ ಸೀಟಿಗೆ ಓಡಿದವನೇ. ಹೀಗಾಗಿ ಅವರು ನಿಂತರು, ನಾವು ಓಡಿದೆವು. ನಿಂತ ಬಾಬುವಿನ ಪಕ್ಕದಿಂದ ಚೆಂಡು ಒಯ್ದೆ, ನಿಂತ ಗೋಲ್‌ಕೀಪರನ ಕಾಲ ಬಳಿಯಿಂದ ಒಳಗೆ ಹೊಡೆದೆ. ಅವನು ಆಗಲೂ ಅಲುಗಲಿಲ್ಲ.

ಒಂದು ಗಳಿಗೆ ಯಾರಿಗೂ ಏನೂ ತಿಳಿಯಲಿಲ್ಲ. ಆಮೇಲೆ ಮಂದಿ ಮೈದಾನಕ್ಕೆ ನುಗ್ಗಿದರು. ರೆಫರಿ ಸೀಟಿ ಹೊಡೆದ ಮೇಲೆ ಎಲ್ಲಿಯ ಗೋಲು ಎಂದು ರೈಲ್ವೆಯವರು ಕೂಗಿದರು. ಮಾವ ಸೀಟಿಯನ್ನು ಕೈಯಲ್ಲಿ ಎತ್ತಿ ತೋರಿಸಿದ. "ಸೀಟಿ ಆಗಿದ್ದು ಯಾರ್ಡಿನ್ಯಾಗ. ನಾ ಹೊಡದಿಲ್ಲ. ನನ್ನ ಸೀಟಿ ಬಾಯಾಗ ಇದ್ದಿದ್ದೇ ಇಲ್ಲ. ಗೋಲ್ ಅದ."

ನನಗೆ ನಂಬಲಾಗಲಿಲ್ಲ. ಮಾವ ನನ್ನ ಗೋಲು ಕೊಟ್ಟ! ಅಲ್ಲಿಯವರೆಗೆ ಪಟ್ಟ ಸಂಶಯವೆಲ್ಲ ಒಂದೇ ಏಟಿಗೆ ಇಳಿದುಹೋಯಿತು, ಓಡಿಹೋಗಿ ಅವನ ಕಾಲಿಗೆ ಬೀಳಬೇಕೆನ್ನಿಸಿತು. ಆಗಲೇ ಟಿಕೆಟ್ ಬಾಬು ಮುಂದೆ ಬಂದ.

"ಗಾರ್ಡ್ ಸಾಹೇಬ್ರ, ಇಷ್ಟು ಮಂದಿ ಮುಂದ ಹೇಳ್ರಿ. ಇಂವ ನಿಮ್ಮ ಅಳಿಯ ಆಗಾಂವ ಹೌದೋ ಅಲ್ಲೋ? ಬೀಗತನದ ಗೋಲ್ ಏನಿದು?"

 ಮಾವ ನನ್ನ ಕಡೆ ನೋಡಲೇ ಇಲ್ಲ.

"ಅಲ್ಲ" ಎಂದ. "ಇಂವಗ ನನ್ನ ಮಗಳನ್ನ ಕೊಡಂಗಿಲ್ಲ. ಇವತ್ತೂ ಇಲ್ಲ, ಎಂದೂ ಇಲ್ಲ. ದೇವರ ಆಣಿ ಮಾಡಿ ಹೇಳ್ಲಿಕತ್ತೀನಿ. ಈಗ ಹೇಳ್ರಿ, ಗೋಲ್ ಹೌದೋ ಅಲ್ಲೋ?"

ರೈಲ್ವೆಯವರು ಚೆಂಡು ತಂದು ಮೈದಾನದ ನಡುವೆ ಇಟ್ಟರು. ಉಳಿದ ಆಟ ಸಪ್ಪಗೆ ಮುಗಿಯಿತು. ಆ ಒಂದೇ ಗೋಲಿನಿಂದ ನಾವು ಗೆದ್ದೆವು. ಉಸ್ತಾದ್ ನನ್ನನ್ನು ಹೆಗಲ ಮೇಲೆ ಕೂಡಿಸಿಕೊಂಡು ಸ್ಟೇಷನ್ನಿನವರೆಗೆ ಕುಣಿದ. ನಾನು ಅವನ ತಲೆಯ ಮೇಲೆ ಮುಖವಿಟ್ಟು ಅಳುತ್ತಿದ್ದೆ. ಖುಷಿಗೆ ಅಳುತ್ತಾನೆ ಎಂದು ಮಂದಿ ಚಪ್ಪಾಳೆ ಹೊಡೆದರು.

ಶಹಾಬಾದಕ್ಕೆ ಬಂದ ಮೇಲೆ ಹುಳ ಮತ್ತೆ ಕೊರೆಯತೊಡಗಿತು. ಗೋಲು ಉಳಿಸಲಿಕ್ಕೆ ಹಾಗೆಂದನೋ, ಅಥವಾ ಮೊದಲೇ ಮನಸ್ಸಿನಲ್ಲಿದ್ದದ್ದನ್ನು ಹೊರಗೆ ಹಾಕಲು ಒಳ್ಳೆಯ ನೆಪ ಸಿಕ್ಕಿತೋ? ಇಲ್ಲದಿದ್ದರೆ ಅಂಥ ಮಾತು ಅಷ್ಟು ಲಗು ಬಾಯಿಗೆ ಹೇಗೆ ಬರುತ್ತದೆ? ಅವ್ವ ಮರುದಿನವೇ ತಮ್ಮನ ಮನೆಗೆ ಹೋದಳು. ಮೈದಾನದ ಮಾತು ಮೈದಾನದಲ್ಲೇ ಬಿಡು ಎಂದು ಕೈ ಹಿಡಿದು ಬೇಡಿಕೊಂಡಳಂತೆ.

"ಆಣಿ ಮಾಡೀನಿ ಅಕ್ಕಾ" ಎಂದನಂತೆ ಮಾವ. "ಈಗ ಕೊಟ್ರ ಆ ಗೋಲ್ ಸುಳ್ಳಾಗ್ತದ. ರೈಲ್ವೆದವರು ನನ್ನ ಮಾರಿ ಮ್ಯಾಲ ಉಗುಳ್ತಾರ."

"ನಿನ್ನ ಮಾರಿ ಉಳಿಸಿಕೊಳ್ಳಾಕ ಎರಡು ಮಕ್ಕಳ ಬಾಳ್ವಿ ಮಣ್ಣುಗೂಡಿಸ್ತೀಯೇನೋ?" ಎಂದು ಅವ್ವ ಅಲ್ಲಿ ನೀರು ಸಹ ಕುಡಿಯದೆ ಎದ್ದುಬಂದಳು.

ಒಂದು ವರ್ಷ ನಾನು ಬೇರೆ ಕೆಲಸ ಮಾಡಲಿಲ್ಲ, ಆ ಟಿಕೆಟ್ ಬಾಬುವನ್ನು ಕಾಯುವುದೇ ಕೆಲಸ. ವಾಡಿಯಿಂದ ಯಾರು ಬಂದರೂ ಅವನ ಲಗ್ನ ಗೊತ್ತಾಯಿತೇ, ಅವನು ಮಾವನ ಮನೆಗೆ ಹೋಗುತ್ತಾನೆಯೇ ಎಂದು ಕೇಳುತ್ತಿದ್ದೆ. ಅವನಿಗೇ ಕೊಟ್ಟರೆ ನನ್ನ ಸಂಶಯ ನಿಜವಾಗುತ್ತದೆ. ನಿಜವಾದರೆ ಮಾವನನ್ನು ಮನಸಾರೆ ಬೈದು ಮರೆತುಬಿಡಬಹುದು ಎಂದುಕೊಂಡಿದ್ದೆ.

ಕೊನೆಗೆ ಲಗ್ನದ ಸುದ್ದಿ ಬಂತು. ವರ ಚಿಮ್ಮನಚೋಡದ ಸಾಲಿ ಮಾಸ್ತರ. ಹೆಂಡತಿ ಸತ್ತವನು. ಫುಟ್‌ಬಾಲನ್ನು ಕಣ್ಣಿನಿಂದ ಕಂಡವನೇ ಅಲ್ಲ.

ಅಂದೇ ಮಧ್ಯಾಹ್ನದ ಗಾಡಿಗೆ ವಾಡಿಗೆ ಹೋದೆ. ಮಾವ ಡ್ಯೂಟಿಗೆ ಹೊರಡಲು ಕೋಟು ತೊಡುತ್ತಿದ್ದ. ಅವಳು ಅಡಿಗೆಮನೆಯ ಬಾಗಿಲ ಹಿಂದೆ ಇದ್ದಳು, ಬಳೆಯ ಸಪ್ಪಳದಿಂದ ಗೊತ್ತಾಯಿತು.

"ಬಾಬುಗೆ ಯಾಕ ಕೊಡಲಿಲ್ಲ ಮತ್ತ?" ಎಂದೆ. ಬಾಯಿಗೆ ಬಂದದ್ದು ಅದೇ.

ಮಾವ ಗುಂಡಿ ಹಾಕಿಕೊಳ್ಳುತ್ತ ಹೇಳಿದ: "ಅವರ ಮನಿಯವರು ಕೇಳಿದ್ರು, ಪಂದ್ಯದ ಮೊದಲೂ, ಆಮ್ಯಾಲೂ. ಬ್ಯಾಡ ಅಂದೆ. ಕೊಟ್ಟಿದ್ರ ನೀ ಊರೆಲ್ಲಾ ಡಂಗುರ ಹೊಡಸ್ತಿದ್ದಿ, ಮೊದ್ಲಿಂದ ಇದೇ ಇತ್ತು ಅಂತ. ನಿನಗ ಕೊಟ್ರ ಅವರು ಹೊಡಸ್ತಿದ್ರು. ಇಬ್ಬರಿಗೂ ಇಲ್ಲದಂಗ ಮಾಡೀನಿ. ಈಗ ಯಾರೂ ನನಗ ಬೆರಳು ತೋರಸಂಗಿಲ್ಲ."

"ಆ ಗೋಲ್ ನಾ ಬ್ಯಾಡ ಅಂತೀನಿ ಮಾಮಾ. ನಾಳಿ ಎರಡೂ ಟೀಮಿನವರನ್ನ ಕೂಡಿಸಿ ಹೇಳ್ತೀನಿ, ಗೆದ್ದ ಕಪ್ ರೈಲ್ವೆದವರಿಗೆ ಕೊಡಸ್ತೀನಿ."

"ಬ್ಯಾಡ ಅನ್ನಲಿಕ್ಕ ನೀ ಯಾರು?" ಮಾವನ ದನಿ ಏರಿತು. "ಗೋಲ್ ಸರಿ ಇತ್ತು. ಸರಿ ಇದ್ದದ್ದನ್ನ ಸರಿ ಅಂದೀನಿ."

ಬಾಗಿಲು ಸರಿಯಿತು. ಅವಳು ಹೊರಗೆ ಬಂದು ನಡುಮನೆಯಲ್ಲಿ ನಿಂತಳು. ನನ್ನ ಕಡೆ ನೋಡಲಿಲ್ಲ, ಅಪ್ಪನ ಮುಖವನ್ನೇ ನೋಡಿದಳು.

"ಗೋಲ್ ಸರಿ ಇತ್ತೇನಪ್ಪಾ?"

"ಸರಿ ಇತ್ತವ್ವಾ. ನಿನ್ನ ಆಣಿಗೂ ಸರಿ ಇತ್ತು."

"ನೀ ಮಾಡಿದ್ದೂ ಸರಿ. ಇಂವ ಹೊಡದದ್ದೂ ಸರಿ. ಬಾಬು ಕೇಳಿದ್ದೂ ಸರಿ ಅಂತ ತಿಳಕೋತೀನಿ." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಮತ್ತ ಫೌಲ್ ಯಾರ್ದಪ್ಪಾ? ನಾ ಅಂತೂ ಮೈದಾನದ ಕಡಿ ಹಾದೂ ಬಂದಿಲ್ಲ."

ಮಾವನ ಕೈ ಕೋಟಿನ ಕೊನೆಯ ಗುಂಡಿಯ ಮೇಲೆ ನಿಂತುಬಿಟ್ಟಿತು.