ರೇಣುಕಾ ಹಾಕಿದ ಸೆಲ್ಲು

ನಂಬುವವರು ನಂಬಿ, ನಗುವವರು ನಗಿ. ಆದರೆ ಆ ರಾತ್ರಿ ನಾನು ಕುಡಿದಿರಲಿಲ್ಲ, ನಿದ್ದೆಗಣ್ಣಿನಲ್ಲೂ ಇರಲಿಲ್ಲ. ಇದನ್ನು ಬರೆಯುತ್ತಲೇ ಎರಡು ಸಲ ಎದ್ದು ಹೋಗಿ ಬಾಗಿಲು ನೋಡಿ ಬಂದಿದ್ದೇನೆ.

ತೊಂಬತ್ತರ ದಶಕದ ಕೊನೆ. ಶಿಕಾರಿಪುರದಿಂದ ದಿನಾ ಬಸ್ಸಿನಲ್ಲಿ ಆನವಟ್ಟಿಗೆ ಹೋಗಿ, ಮದುವೆ ಕಾರ್ಡು ಮಾಡುವ ಡಿಟಿಪಿ ಅಂಗಡಿಯೊಂದರಲ್ಲಿ ಟೈಪ್ ಮಾಡುತ್ತಿದ್ದೆ. ಮಾಲೀಕರು ಬೊಂಬಾಯಿಯಿಂದ ವೈರಿಲ್ಲದ ಕೀಬೋರ್ಡು ತರಿಸಿದ್ದರು. ಸುತ್ತ ಹತ್ತೂರಿಗೆ ಅದೊಂದೇ. ಜಂಬವೇನೋ ಸರಿ, ಆದರೆ ಒಂದೂವರೆ ತಿಂಗಳಿಗೆ ಎರಡು ಪೆನ್ಸಿಲ್ ಸೆಲ್ಲು ನುಂಗುತ್ತಿತ್ತು. ನಾವು ಸೆಲ್ಲು ಕದ್ದು ಮನೆ ಗಡಿಯಾರಕ್ಕೆ ಹಾಕುತ್ತೇವೆಂದು ಮಾಲೀಕರಿಗೆ ಅನುಮಾನ. ಹಾಗಾಗಿ ಹಾಕಿದವರು ಹೆಸರು, ತಾರೀಕು ಬರೆದ ಚೀಟಿಯನ್ನು ಸೆಲ್ಲಿಗೆ ಅಂಟಿಸಬೇಕಿತ್ತು. ಸೋತ ಸೆಲ್ಲನ್ನು ತಗಡಿನ ಮಾಡಿನ ಮೇಲೆ ಬಿಸಿಲಿಗಿಟ್ಟು ಇನ್ನೆರಡು ದಿನ ದುಡಿಸಬೇಕಿತ್ತು.

ನನಗಿಂತ ಮೊದಲು ಆ ಕುರ್ಚಿಯಲ್ಲಿದ್ದವಳು ಕ್ಯಾಸನೂರಿನ ರೇಣುಕಾ. ಮಂಗನ ಕಾಯಿಲೆ ಬಂದು ತೀರಿಕೊಂಡಳು. ಅವಳ ತಾಯಿ ಗಂಗಮ್ಮ ಒಮ್ಮೆ ಅಂಗಡಿಗೆ ಬಂದಾಗ, ಕೀಬೋರ್ಡಿನ ಮುಚ್ಚಳ ತೆಗೆದು ಚೀಟಿಯಲ್ಲಿದ್ದ ಮಗಳ ಅಕ್ಷರ ತೋರಿಸಿದೆ. ಆಕೆ ಅದನ್ನು ಬೆರಳಿನಿಂದ ಸವರಿದರು. ಆಮೇಲೆ ಸಂತೆಗೆ ಬಂದಾಗಲೆಲ್ಲ ಒಂದೇ ಪ್ರಶ್ನೆ.

"ನಮ್ ರೇಣುಕ ಹಾಕಿದ್ ಸೆಲ್ಲು ಇನ್ನೂ ಐತೇನ ತಮ್ಮ?"

"ಐತ್ರೀ ಅಮ್ಮ."

ಸುಳ್ಳು. ಆ ಸೆಲ್ಲು ಎಂದೋ ಮುಗಿದಿತ್ತು. ಹೊಸದು ಹಾಕಿದಾಗಲೆಲ್ಲ ಅವಳ ಚೀಟಿಯನ್ನೇ ಬಿಡಿಸಿ ಅಂಟಿಸುತ್ತಿದ್ದೆ. ಮಾಲೀಕರು ನೋಡಿಯೂ ನೋಡದಂತಿದ್ದರು. ಮುಗಿಯಿತೆಂದು ಆ ತಾಯಿಗೆ ಹೇಳಲು ನನ್ನಿಂದ ಆಗಲಿಲ್ಲ.

ಆವತ್ತು ವಿಪರೀತ ಚಳಿ. ಕತ್ತಲಾಗಿತ್ತು. ಒಬ್ಬನೇ ಕಾರ್ಡು ಮಡಿಸುತ್ತಿದ್ದೆ. ಬಸ್ಸು ತಪ್ಪಿಸಿಕೊಂಡ ಗಂಗಮ್ಮ ಬಂದು ಕೂತರು.

"ಒಂದ್ಸಲ ಅವ್ಳ ಹೆಸ್ರು ಒತ್ತಿ ತೋರ್ಸು. ಅವ್ಳ ಸೆಲ್ನಾಗೇ ಬರ್ಬೇಕು."

ಮಧ್ಯಾಹ್ನ ಸೆಲ್ಲುಗಳನ್ನು ಮಾಡಿನ ಮೇಲಿಟ್ಟವನು ಮರೆತೇಬಿಟ್ಟಿದ್ದೆ. ಏಣಿ ಇದ್ದದ್ದು ಆಕೆಯ ಕಣ್ಣೆದುರಿಗೇ. ಇನ್ನು ಸುಳ್ಳು ಬಯಲಾಗುತ್ತದೆ, ಈಕೆ ಮಗಳನ್ನು ಎರಡನೇ ಸಲ ಕಳೆದುಕೊಳ್ಳುತ್ತಾರೆ ಎಂದು ಆ ಚಳಿಯಲ್ಲೂ ಬೆವರಿದೆ. ಕೆಟ್ಟಿದೆ ಅಂದರಾಯಿತು ಎಂದುಕೊಂಡು, ತೋರಿಕೆಗೆ ಒಂದು ಕೀ ಒತ್ತಿದೆ...

ಪರದೆಯ ಮೇಲೆ 'ರ' ಬಂತು.

ಕೈ ಹಿಂದಕ್ಕೆಳೆದುಕೊಂಡೆ. ಟಕ್... ಟಕ್... ನಾನು ಮುಟ್ಟದ ಕೀಗಳು ತಾವಾಗಿ ಇಳಿದು ಏಳುತ್ತಿದ್ದವು. 'ರೇ'... 'ರೇಣು'... 'ರೇಣುಕಾ'. ಬಿಸಿಲಿಗೆ ಕಾದ ತಗಡಿನ ವಾಸನೆ ಅಂಗಡಿ ತುಂಬಾ.

ಗಂಗಮ್ಮ ಕಣ್ಣು ಮುಚ್ಚಿ ಕೇಳುತ್ತಿದ್ದರು. "ಹಿಂಗೇ ಕುಟ್ತಿದ್ಲು," ಎಂದರು ಮೆಲ್ಲಗೆ. "ಮನೇಲಿ ಊಟದ್ ಮಣೆ ಮೇಲೂ ಹಿಂಗೇ ಬೆರಳು ಕುಟ್ತಿದ್ಲು."

ಮುಂದಿನ ಬಸ್ಸಿನ ಹಾರನ್ ಕೇಳಿ ಆಕೆ ಹೊರಟರು. ನಾನು ಕೀಬೋರ್ಡು ಮಗುಚಿ ಮುಚ್ಚಳ ತೆಗೆದೆ. ಖಾಲಿ.

ಏಣಿ ಹತ್ತಿದೆ. ತಗಡು ಕೈ ಕೊರೆಯುವಷ್ಟು ತಣ್ಣಗಿತ್ತು. ಸೆಲ್ಲುಗಳು ಇಟ್ಟಲ್ಲೇ ಇದ್ದವು, ಅವಳ ಚೀಟಿಯೂ ಇತ್ತು. ಮುಟ್ಟಿದರೆ ಬಿಸಿ...

ತಿಳಿದವರೊಬ್ಬರು, ಸೆಲ್ಲು ತೆಗೆದರೂ ಕೀಬೋರ್ಡಿನೊಳಗೆ ಚೂರುಪಾರು ಕರೆಂಟು ಉಳಿದಿರುತ್ತದೆ ಅಂದರು. ಇರಲಿ. ಆ ಕರೆಂಟಿಗೆ ಅವಳ ಹೆಸರು ಹೇಗೆ ಗೊತ್ತು?

ಮುಂದಿನ ಸಂತೆಯ ದಿನ ಗಂಗಮ್ಮ ಮತ್ತೆ ಕೇಳಿದರು. "ಐತ್ರೀ ಅಮ್ಮ," ಅಂದೆ. ಅಷ್ಟು ದಿನ ಸುಳ್ಳೆಂದು ಗೊತ್ತಿದ್ದೇ ಧೈರ್ಯವಾಗಿ ಹೇಳುತ್ತಿದ್ದ ಮಾತು. ಆವತ್ತು ಮಾತ್ರ ಹೇಳಿ, ಬೆನ್ನ ಹಿಂದೆ ತಿರುಗಿ ನೋಡಿದೆ.